ಮರುದಿನದ ಅಡುಗೆ

“ನಾಟಿ ಕೋಳಿ ಸಾರು ಅಂತ ಇದೆಯಲ್ಲಮ್ಮಾ ಇಲ್ಲಿ!”

ಭಾನುಪ್ರಿಯಾ ಇನ್ನೂ ಹಲ್ಲುಜ್ಜಿರಲಿಲ್ಲ. ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಆ ಕಡೆಯ ದನಿ ಹೊಳೆನರಸೀಪುರದ ಚಲುವನಾರಾಯಣನದು. ಮದುವೆ, ಮುಂಜಿ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸುವ ಮನುಷ್ಯ. ಅವನ ಪುಳಿಯೋಗರೆಗೆ ಸುತ್ತಲ ತಾಲ್ಲೂಕುಗಳಲ್ಲೆಲ್ಲ ಹೆಸರಿತ್ತು. ಅವನಿಗೊಂದು ವೆಬ್‌ಸೈಟ್ ಮಾಡಿಕೊಟ್ಟದ್ದು ಮೊನ್ನೆ ಮೊನ್ನೆ.

“ಎಲ್ಲಿ ಸಾರ್?”

“ಎಲ್ಲಿ ಅಂದ್ರೆ? ನನ್ನ ವೆಬ್‌ಸೈಟಲ್ಲಿ! ಮೇಲ್ಗಡೆ ನಾನು ನಾಮ ಇಟ್ಕೊಂಡು ಕೈ ಮುಗಿದು ನಿಂತಿದೀನಿ. ನನ್ನ ಕಾಲ ಕೆಳಗೆ ಕೋಳಿ ಸಾರು, ಬೋಟಿ ಗೊಜ್ಜು, ಇನ್ನೇನೋ, ಹಾಂ, ತಲೆಮಾಂಸ. ಯಾರ ತಲೆನಮ್ಮಾ ಅದು?”

ಭಾನುಪ್ರಿಯಾಳ ನಿದ್ದೆ ಪೂರ್ತಿ ಇಳಿಯಿತು. “ಐದು ನಿಮಿಷ ಕೊಡಿ ಸಾರ್. ನೋಡ್ತೀನಿ.”

“ನೋಡೋದೇನು ಬಂತು, ಬುಕಿಂಗೇ ಬಂದುಬಿಟ್ಟಿದೆ. ಓದ್ತೀನಿ ಕೇಳು. ‘ಶಿವರಾಜು, ಚನ್ನರಾಯಪಟ್ಟಣ. ಸೋಮವಾರ ಬೀಗರೂಟ. ನಾನೂರು ಜನ. ಬೋಟಿ ಸ್ವಲ್ಪ ಜಾಸ್ತಿ ಇರಲಿ.’ ಸಂಧ್ಯಾವಂದನೆಗೆ ಕೂತಿದ್ದೆ, ಟಿಣ್ ಅಂತು. ಏನೋ ಒಳ್ಳೇದು ಬಂತು ಅಂದ್ಕೊಂಡು ನೋಡಿದ್ರೆ ಬೋಟಿ!”

ಅವನು ಮಾತಾಡುತ್ತಿರುವಾಗಲೇ ಇನ್ನೊಂದು ಕರೆ ಬಡಿಯತೊಡಗಿತು. ಭಾನುಪ್ರಿಯಾ ಹೇಗೋ ಸಮಾಧಾನ ಹೇಳಿ ಅದನ್ನು ಎತ್ತಿಕೊಂಡಳು. ಮಲ್ಲಿಪಟ್ಟಣದಿಂದ ತಮ್ಮಯ್ಯ.

“ಭಾನವ್ವ, ನಂದು ಏನೂ ಬತ್ತಾ ಇಲ್ಲ ಕಣವ್ವ. ಬರೀ ಬೆಳ್ಳಗೈತೆ. ಬೆಳಿಗ್ಗೆ ನೋಡು ಮಾವ ಅಂತ ನೀನೇ ಅಂದಿದ್ದೆ. ಊರ್ನೋರ್ಗೆಲ್ಲ ತೋರ್ಸಣ ಅಂತ ಟೀ ಅಂಗ್ಡಿ ತಾವ ನಿಂತಿವ್ನಿ. ಎಲ್ಲಾ ನಗಾಡ್ತಾವ್ರೆ. ನನ್ ಕೋಳಿ ಎಲ್ಲೋಯ್ತು?”

“ಹೊಳೆನರಸೀಪುರಕ್ಕೆ ಹೋಗಿದೆ ಮಾವ.”

“ಅಲ್ಲಿಗ್ಯಾಕೋಯ್ತು?”

ಅದನ್ನೇ ಅವಳೂ ಯೋಚಿಸುತ್ತಿದ್ದಳು.

ತಮ್ಮಯ್ಯ ಅವಳ ಅತ್ತೆ ಮಾರಮ್ಮನ ತಮ್ಮ. ಮದುವೆಯ ಮರುದಿನ ನಡೆಯುವ ಬೀಗರೂಟಕ್ಕೆ ಅಡುಗೆ ಮಾಡುವುದು ಅವನ ಕಸುಬು. ಮಲ್ಲಿಪಟ್ಟಣದ ಸುತ್ತಲ ಅರಕಲಗೂಡು ಸೀಮೆಯಲ್ಲಿ ಮಟನ್ ಸಾರಿನ ಮಾತು ಬಂದರೆ ತಮ್ಮಯ್ಯನ ಹೆಸರು ಬರದೆ ಇರುತ್ತಿರಲಿಲ್ಲ. ಅಕ್ಕನ ಸೊಸೆ ಯಾರೋ ಅಯ್ಯಂಗಾರರಿಗೆ ವೆಬ್‌ಸೈಟ್ ಮಾಡಿಕೊಟ್ಟಳು ಎಂದು ಕೇಳಿದ್ದೇ, “ನಮ್ಗೂ ಒಂದು ಮಾಡವ್ವ, ನಾವೇನ್ ಪಾಪ ಮಾಡಿದ್ವಿ” ಎಂದು ಹಟ ಹಿಡಿದಿದ್ದ.

ಭಾನುಪ್ರಿಯಾ ಲ್ಯಾಪ್‌ಟಾಪ್ ತೆರೆದು ಕೂತಳು. ಎರಡು ನಿಮಿಷಕ್ಕೆ ತಪ್ಪು ಕಣ್ಣಿಗೆ ಬಿತ್ತು. ನೋಡಿದ ಮೇಲೆ, ಇದು ಯಾಕೆ ನಿನ್ನೆಯೇ ಕಾಣಲಿಲ್ಲ ಅನ್ನಿಸುವಂಥ ತಪ್ಪು.

ಬರೆದದ್ದನ್ನು ದಾಖಲಿಸಿ ಕಳಿಸಿಕೊಡುವ ಗಿಟ್ ಎಂಬ ತಂತ್ರಾಂಶದಲ್ಲಿ ರಿಮೋಟ್ ಎಂದರೆ ಒಂದು ವಿಳಾಸ, ಅಷ್ಟೆ. ಮನೆಯಲ್ಲಿ ಕೂತು ಬರೆದದ್ದನ್ನು ಪುಶ್ ಎಂದು ಕಳಿಸಿದರೆ ಅದು ಯಾವ ಸರ್ವರಿನ ಬಾಗಿಲಲ್ಲಿ ಇಳಿಯಬೇಕು ಎನ್ನುವ ವಿಳಾಸ. ಅಲ್ಲಿ ಇಳಿದದ್ದು ಆ ಕ್ಷಣವೇ ಊರಿಗೆಲ್ಲ ಕಾಣುವ ವೆಬ್‌ಸೈಟ್ ಆಗುತ್ತದೆ. ಬೀಗರೂಟದ ಸೈಟನ್ನು ಮೊದಲಿಂದ ಬರೆಯುವುದೇಕೆ ಎಂದು ಅವಳು ಪುಳಿಯೋಗರೆಯ ಫೋಲ್ಡರನ್ನೇ ಇಡಿಯಾಗಿ ನಕಲು ಮಾಡಿಕೊಂಡಿದ್ದಳು. ಮೇಲಿನ ಹೆಸರು, ಫೋಟೋ, ಫೋನ್ ನಂಬರುಗಳನ್ನು ಆಮೇಲೆ ಬದಲಿಸಿದರಾಯಿತು, ಮೊದಲು ತಮ್ಮಯ್ಯ ಮಾವ ಅಡುಗೆಗಳ ಹೆಸರು ನೋಡಿ ಒಪ್ಪಲಿ ಎಂದು ಸಂಜೆ ಪುಶ್ ಮಾಡಿದ್ದಳು. ಫೋಲ್ಡರಿನ ಜೊತೆಗೆ, ಅದರೊಳಗೆ ಕಣ್ಣಿಗೆ ಬೀಳದಂತೆ ಕೂತಿದ್ದ ಹಳೆಯ ವಿಳಾಸವೂ ನಕಲಾಗಿ ಬಂದಿತ್ತು. ಅರಕಲಗೂಡಿನ ಕೋಳಿ ಆ ವಿಳಾಸ ಹಿಡಿದು ನೆಟ್ಟಗೆ ಚಲುವನಾರಾಯಣನ ಮಡಿಮನೆಗೆ ನಡೆದಿತ್ತು.

“ಏನವ್ವ ಅದು, ಬೆಳಿಗ್ಗೆ ಬೆಳಿಗ್ಗೇನೇ?” ಮಾರಮ್ಮ ಅಡುಗೆಮನೆಯಿಂದ ಇಣುಕಿದಳು.

“ನಿಮ್ಮ ತಮ್ಮನ ಅಡುಗೇನ ಅಯ್ಯಂಗಾರ್ರ ಮನೆಗೆ ಕಳಿಸಿಬಿಟ್ಟೆ ಅತ್ತೆ.”

ಮಾರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ತಡೆಯಲೋ ಗಾಬರಿಗೋ ಗೊತ್ತಾಗಲಿಲ್ಲ.

ಭಾನುಪ್ರಿಯಾ ನಗಲಿಲ್ಲ. ಎರಡು ವರ್ಷದ ಹಿಂದೆ ಗಂಡ ಕೀರ್ತಿರಾಜ್ ತೀರಿಹೋದಾಗಿನಿಂದ ಅವಳಿಗೆ ನಗುವಾಗಲಿ ಅಳುವಾಗಲಿ ಬೇಗ ಬರುತ್ತಿರಲಿಲ್ಲ. ಜನ ಮಾತಾಡುವುದು ಗಾಜಿನ ಆಚೆಯಿಂದ ಕೇಳಿದ ಹಾಗೆ ಕೇಳುತ್ತಿತ್ತು. ಈಗ ಮಾತ್ರ ಹೆದರಿಕೆ ನೇರವಾಗಿ ತಾಗಿತ್ತು. ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬಿನ ಕೆಲಸ ಬಿಟ್ಟು ಮನೆಯಲ್ಲೇ ಸ್ವಂತ ಕೆಲಸಕ್ಕೆ ಕೂತು ಒಂದು ತಿಂಗಳಾಗಿತ್ತು. ಚಲುವನಾರಾಯಣ ಮೊದಲ ಗಿರಾಕಿ. ಹೊಳೆನರಸೀಪುರದಿಂದ ಚನ್ನರಾಯಪಟ್ಟಣದವರೆಗೆ ಅವನಿಗೆ ಗೊತ್ತಿಲ್ಲದ ಛತ್ರವಿಲ್ಲ, ಅವನ ಮಾತು ಕೇಳದ ಛತ್ರದ ಮ್ಯಾನೇಜರಿಲ್ಲ. ‘ಆ ಹುಡುಗಿ ಕೈಗೆ ಕೊಡಬೇಡಿ, ನಿಮ್ಮ ಮರ್ಯಾದೆ ತೆಗೀತಾಳೆ’ ಎಂದು ಅವನು ಒಂದು ಮಾತಂದರೆ, ಶುರುವಾಗುವ ಮೊದಲೇ ಅವಳ ಕೆಲಸ ಮುಗಿದಂತೆ. ಮತ್ತೆ ಲ್ಯಾಬಿಗೆ ಹೋಗಿ ಮೌಸ್ ಎಣಿಸಬೇಕು.

ಪುಳಿಯೋಗರೆಯ ಫೋಲ್ಡರ್ ತೆರೆದು ಪುಶ್ ಮಾಡಿದಳು. ಸರ್ವರ್ ಒಪ್ಪಲಿಲ್ಲ. ನನ್ನ ಹತ್ತಿರ ಇರುವುದು ಹೊಸದು, ನೀನು ಕಳಿಸುತ್ತಿರುವುದು ಹಳೆಯದು ಎಂದು ವಾಪಸು ಕಳಿಸಿತು. ಅದರ ಪ್ರಕಾರ ಕೋಳಿ ಸಾರೇ ತಾಜಾ. ಬಲವಂತವಾಗಿ ತಳ್ಳುವ ಇನ್ನೊಂದು ಆಜ್ಞೆ ಇದೆ. ಅದನ್ನು ಟೈಪ್ ಮಾಡಿ, ವಿಳಾಸವನ್ನು ಎರಡು ಸಲ ಓದಿ, ಒತ್ತಿದಳು. ಫೋನಿನಲ್ಲಿ ಪುಟ ತೆರೆದರೆ ಪುಳಿಯೋಗರೆ, ಸಕ್ಕರೆ ಪೊಂಗಲ್, ಬಿಸಿಬೇಳೆಬಾತ್ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತಿದ್ದವು.

ತಮ್ಮಯ್ಯ ಮತ್ತೆ ಫೋನ್ ಮಾಡಿದ. ವಿಷಯ ಕೇಳಿ ಟೀ ಅಂಗಡಿಯ ಗದ್ದಲ ಮೀರಿ ನಕ್ಕ. ಆಮೇಲೆ ದನಿ ತಗ್ಗಿಸಿದ.

“ನೋಡು ಕೂಸೆ, ಯಾರೋ ಆಕ್ ಮಾಡ್ಬುಟ್ರು ಅಂತ ಯೋಳ್ಬುಡು. ಬ್ಯಾಂಕ್ನೋರೇ ಅಂಗಂತಾರೆ. ಆ ಸ್ವಾಮಿಗೇನ್ ಗೊತ್ತಾಯ್ತದೆ?”

ಅದು ಅವಳಿಗೂ ಹೊಳೆದಿತ್ತು. ಹ್ಯಾಕ್ ಆಗಿದೆ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಪಾಪ ಅನ್ನುತ್ತಾರೆ. ಯಾರೂ ಕಾಣದ ಕಳ್ಳನ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದು. ಫೋನ್ ಹಿಡಿದು ಮನೆ ಮುಂದಿನ ಕಟ್ಟೆಯ ಮೇಲೆ ಕೂತಳು. ಎದುರು ಮನೆಯ ನಂಜಮ್ಮ ರಂಗೋಲಿಗೆ ನೀರು ಚಿಮುಕಿಸುತ್ತ, “ಏನವ್ವ ಭಾನು, ಮೈ ಉಸಾರಿಲ್ವಾ?” ಎಂದು ಕೇಳಿದಳು. “ಇದೆ ಕಣಮ್ಮ” ಎಂದು ಹೇಳಿ ಭಾನುಪ್ರಿಯಾ ನಂಬರ್ ಒತ್ತಿದಳು.

“ಸಾರ್, ಸರಿ ಮಾಡಿದೀನಿ. ತಪ್ಪು ನನ್ನದೇ. ಇನ್ನೊಬ್ಬರ ಸೈಟು ನಿಮ್ಮ ವಿಳಾಸಕ್ಕೆ ಕಳಿಸಿಬಿಟ್ಟೆ. ನೋಡಿಕೊಳ್ಳಬೇಕಿತ್ತು, ನೋಡಿಕೊಳ್ಳಲಿಲ್ಲ.”

“ಹತ್ತು ಗಂಟೆಗೆ ನಿಮ್ಮನೇಗೆ ಬರ್ತೀನಿ” ಎಂದು ಚಲುವನಾರಾಯಣ ಫೋನ್ ಇಟ್ಟುಬಿಟ್ಟ.

ಮಾರಮ್ಮ ಮನೆಯನ್ನು ಎರಡು ಸಲ ಗುಡಿಸಿದಳು. ಗೋಡೆಯ ಮೇಲಿನ ಬುದ್ಧನ ಫೋಟೋ, ಅದರ ಪಕ್ಕದ ಕೀರ್ತಿರಾಜ್‌ನ ಫೋಟೋ ಎರಡನ್ನೂ ಒರೆಸಿದಳು. “ಅವ್ರಿಗೆ ಕುಡಿಯಕ್ಕೆ ಏನ್ ಕೊಡದವ್ವ? ನಮ್ಮನೇಲಿ ಕಾಪಿ ಕುಡಿತಾರಾ? ಕೇಳುದ್ರೆ ತಪ್ಪು, ಕೇಳ್ದಿದ್ರೂ ತಪ್ಪು.” ಕೊನೆಗೆ ಮೂಲೆಯ ಅಂಗಡಿಗೆ ಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದಿಟ್ಟಳು.

ಚಲುವನಾರಾಯಣ ಬರುವ ಹೊತ್ತಿಗೆ ತಮ್ಮಯ್ಯನೂ ಬಂದಿದ್ದ. ಅಕ್ಕ ಫೋನಿನಲ್ಲಿ ವಿಷಯ ಹೇಳಿದ್ದಳು, ಕರೆದಿರಲಿಲ್ಲ. “ನಮ್ ಕೂಸ್ನ ಬಯ್ಯಕ್ಕೆ ಬತ್ತಾವ್ರೆ ಅಂದ್ರೆ ನಾನ್ ಬರ್ದೆ ಇರಾದಾ” ಎಂದು ಸಿಕ್ಕಿದ ಮೊದಲ ಬಸ್ಸು ಹತ್ತಿದ್ದ. ಇಬ್ಬರೂ ಒಂದೇ ವಯಸ್ಸಿನವರು. ಒಬ್ಬನದು ಪಂಚೆ, ಬಿಳಿ ಶರಟು, ಹಣೆಯ ನಾಮ. ಇನ್ನೊಬ್ಬನದು ಪ್ಯಾಂಟು, ಹೆಗಲಿಗೊಂದು ಟವೆಲು. ಇಬ್ಬರ ಮುಂಗೈ ಮೇಲೂ ಎಣ್ಣೆ ಸಿಡಿದ ಹಳೆಯ ಕಲೆಗಳು.

“ಕೋಳಿಯವರು ಇವರೇನಾ?” ಎಂದ ಚಲುವನಾರಾಯಣ, ಕುರ್ಚಿಯ ತುದಿಯಲ್ಲಿ ಕೂತು.

“ನಾನೇ ಸ್ವಾಮಿ. ನಿಮ್ಮನೆಗೆ ಬಂದಿತ್ತಂತಲ್ಲ, ಏನೂ ತೊಂದ್ರೆ ಕೊಡ್ಲಿಲ್ವಲ್ಲ?”

ಮಾರಮ್ಮ ತಮ್ಮನ ಬೆನ್ನಿಗೆ ಗುದ್ದಿದಳು. ಚಲುವನಾರಾಯಣ ನಗಲಿಲ್ಲ. ಭಾನುಪ್ರಿಯಾಳ ಕಡೆ ತಿರುಗಿದ.

“ನೋಡಮ್ಮಾ, ನಾನು ಬಯ್ಯಕ್ಕೆ ಬಂದಿಲ್ಲ. ನೀನು ಸುಳ್ಳು ಹೇಳಿದ್ದಿದ್ರೆ ಬರ್ತಾನೇ ಇರ್ಲಿಲ್ಲ, ಅಲ್ಲಿಗೇ ಮುಗಿಸ್ತಿದ್ದೆ. ಈಗ ಕಷ್ಟ ಬೇರೆ ಬಂದಿದೆ. ಆ ಶಿವರಾಜು ಬಿಡ್ತಾ ಇಲ್ಲ.” ಫೋನ್ ಹೊರತೆಗೆದು ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟ. “ನೀನೇ ಕೇಳು.”

ಚನ್ನರಾಯಪಟ್ಟಣದ ಶಿವರಾಜು ಒಂದೇ ರಿಂಗಿಗೆ ಎತ್ತಿದ. ಅವನ ಮಗಳು ಶೋಭಿತಾಳ ಮದುವೆ ಭಾನುವಾರ. ಆ ದಿನದ ಅಡುಗೆ ಚಲುವನಾರಾಯಣನದೇ ಎಂದು ಮೊದಲೇ ನಿಗದಿಯಾಗಿತ್ತು. ಮರುದಿನದ ಬೀಗರೂಟಕ್ಕೆ ಮಾತಾಡಿದ್ದವನು ಕೈಕೊಟ್ಟಿದ್ದ.

“ಸ್ವಾಮಿ, ತಪ್ಪಾಗೈತೆ ಗಿಪ್ಪಾಗೈತೆ ಅಂತೆಲ್ಲ ಯೋಳ್ಬ್ಯಾಡಿ. ನಾನು ಬೀಗ್ರಿಗೆ ಫೋನ್ ಮಾಡಿ ಯೋಳ್ಬುಟ್ಟಿವ್ನಿ, ಎಲ್ಡು ದಿನಾನೂ ಒಂದೇ ಕಡೆ ಅಂತ. ಅವ್ರು ಏನಂದ್ರು ಗೊತ್ತಾ? ಅಯ್ಯಂಗಾರ್ರು ಮಾಡಿದ್ ಬೋಟಿ ತಿನ್ನಕ್ಕಾದ್ರೂ ಬತ್ತೀವಿ ಅಂದ್ರು!”

ತಮ್ಮಯ್ಯ ಟವೆಲನ್ನು ಬಾಯಿಗೆ ತುರುಕಿಕೊಂಡ. ಚಲುವನಾರಾಯಣ ಫೋನಿನ ಕಡೆ ಎರಡೂ ಕೈ ಚಾಚಿ, “ಅಯ್ಯಾ ಶಿವರಾಜು, ನಾನು ಹಸಿಶುಂಠಿ ಕತ್ತರಿಸಕ್ಕೂ ಯೋಚನೆ ಮಾಡೋ ಮನುಷ್ಯ” ಎಂದ.

“ಅಂಗಾದ್ರೆ ಯಾರ್ನಾದ್ರೂ ಕರ್ಕೊಂಬನ್ನಿ ಸ್ವಾಮಿ. ನಿಮ್ ಎಸ್ರಲ್ಲಿ ಬುಕ್ ಆಗೈತೆ, ನಿಮ್ದೇ ಜವಾಬ್ದಾರಿ. ಇಲ್ದಿದ್ರೆ ಭಾನ್ವಾರದ್ದೂ ಬ್ಯಾರೆಯೋರ್ಗೆ ಯೋಳ್ತೀನಿ.” ಫೋನ್ ಕಟ್ಟಾಯಿತು.

ಮೊದಲ ಗಿರಾಕಿಗೆ ಸಿಕ್ಕಿದ್ದ ಮದುವೆಯ ಅಡುಗೆಯೇ ಕೈತಪ್ಪುವ ಹಾಗಾಗಿತ್ತು, ಅದೂ ಭಾನುಪ್ರಿಯಾಳ ತಪ್ಪಿನಿಂದ.

ತಮ್ಮಯ್ಯ ಕೆಮ್ಮಿದ. “ಚನ್ರಾಯಪಟ್ಣ ಅಂದ್ರೆ ಯಾವ ಛತ್ರ ಸ್ವಾಮಿ? ಕೆರೆ ಏರಿ ಕೆಳಗಡೆದಾ? ಅಡ್ಗೆಮನೆ ಇಂದ್ಗಡೆ ತಗಡಿನ ಶೆಡ್ಡು?”

“ಅದೇ. ಯಾಕೆ?”

“ಅಲ್ಲಿ ನಾನು ಬೇಕಾದಷ್ಟು ಸಲ ಮಾಡಿವ್ನಿ. ಮದ್ವೆ ಅಡ್ಗೆಯೋರು ಓದ್ಮ್ಯಾಲೆ ಸಂಜೆ ಓಗಿ ಒಲೆ ಇಡಿಯೋದು. ಆ ಛತ್ರದಲ್ಲಿ ಒಂದು ಇಚಿತ್ರ. ಯಾವತ್ ಓಗ್ಲಿ, ನೀರಿನ್ ಡ್ರಮ್ಮು ಕಂಠಮಟ ತುಂಬಿರ್ತದೆ. ವಾಚ್‌ಮನ್ ಬಲೇ ಒಳ್ಳೆಯೋನು ಅಂದ್ಕಂಡು ಅವ್ನಿಗೆ ಪ್ರತಿ ಸಲ ಒಂದ್ ಬಟ್ಲು ಸಾರು ಜಾಸ್ತಿ ಕೊಟ್ಟಿವ್ನಿ.”

ಚಲುವನಾರಾಯಣ ತಲೆ ಎತ್ತಿದ. “ಆ ವಾಚ್‌ಮನ್ನಾ? ಅವನು ಒಂದು ಚೊಂಬು ಎತ್ತಿದ್ದು ನಾನು ನೋಡಿಲ್ಲ. ಡ್ರಮ್ಮು ತುಂಬಿಸೋದು ನನ್ನ ಹುಡುಗ್ರು. ನಮ್ಮಪ್ಪನ ಕಾಲದಿಂದ ಅಭ್ಯಾಸ. ಅಡುಗೆಮನೆ ಬಿಟ್ಟು ಹೊರಡುವಾಗ ನೀರು ಬರಿದು ಮಾಡಿ ಹೋಗಬಾರದು.”

“ಆಮ್ಯಾಕೆ ಯಾರ್ ಬತ್ತಾರೆ ಅಂತ ಗೊತ್ತಿತ್ತಾ?”

“ಯಾರೋ ಬರ್ತಾರೆ ಅಂತ ಗೊತ್ತಿತ್ತು. ಯಾರು ಅಂತ ಕೇಳಿರ್ಲಿಲ್ಲ.” ಸ್ವಲ್ಪ ತಡೆದು ಕಣ್ಣು ಕಿರಿದು ಮಾಡಿದ. “ಹಾಗಾದ್ರೆ ನನ್ನ ದೊಡ್ಡ ಜಾಲರಿ ಸೌಟು! ಎರಡು ವರ್ಷದ ಹಿಂದೆ, ಅದೇ ಛತ್ರದಲ್ಲಿ ಮರೆತು ಬಂದೆ. ಬೆಳಿಗ್ಗೆ ಹುಡುಗನ್ನ ಕಳಿಸಿದ್ರೆ ಇರ್ಲಿಲ್ಲ. ಹಿತ್ತಾಳೇದು. ನಮ್ಮ ತಾತಂದು.”

ತಮ್ಮಯ್ಯ ಬಾಳೆಹಣ್ಣಿನ ಚಿಪ್ಪನ್ನೇ ನೋಡುತ್ತ ಕೂತ.

“ಲೇ ತಮ್ಮ,” ಎಂದಳು ಮಾರಮ್ಮ, “ನೀನು ಬೋಟಿ ತೆಗ್ಯೋ ಜಾಲ್ರಿ ಇತ್ತಾಳೇದಲ್ವೇನ್ಲಾ?”

“ಯಾರೋ ಬಿಟ್ಟೋಗಿದ್ರು ಅಕ್ಕ. ಚೆನ್ನಾಗಿತ್ತು.” ತಮ್ಮಯ್ಯ ಚಲುವನಾರಾಯಣನ ಕಡೆ ನೋಡಿದ. “ಕೊಡ್ತಿದ್ದೆ ಸ್ವಾಮಿ. ಆದ್ರೆ ಈಗ ಅದು ನಿಮ್ ಕಡೆಗೆ ಬರಲ್ಲ. ನಮ್ ಕಡೆ ಸೇರ್ಕಂಡ್ಬುಟ್ಟೈತೆ.”

ಚಲುವನಾರಾಯಣನ ಮುಖ ಕೆಂಪಾಯಿತು. ಆ ಕೆಂಪು ಕೋಪದ್ದು ಎಂದು ಭಾನುಪ್ರಿಯಾ ಎದ್ದು ನಿಂತಳು. ಆದರೆ ಅವನ ಹೊಟ್ಟೆ ಕುಲುಕತೊಡಗಿತು, ಹೆಗಲು ಕುಲುಕಿತು, ಕೊನೆಗೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. “ತಾತ ನೋಡಿದ್ರೆ...” ಎಂದು ಶುರುಮಾಡಿ, ಮುಗಿಸಲಾಗದೆ ಮತ್ತೆ ನಕ್ಕ. ಕೈಗೆ ಸಿಕ್ಕಿದ ಬಾಳೆಹಣ್ಣೊಂದನ್ನು ಮುರಿದು ಸಿಪ್ಪೆ ಸುಲಿದ. ಮಾರಮ್ಮ ಸೊಸೆಯ ಕಡೆ ನೋಡಿ ಹುಬ್ಬೇರಿಸಿದಳು.

ಅಲ್ಲಿಂದ ಮುಂದೆ ಇಬ್ಬರು ಅಡುಗೆಯವರ ಮಾತು ನಡೆಯಿತು, ಭಾನುಪ್ರಿಯಾಳ ಅಗತ್ಯ ಯಾರಿಗೂ ಇರಲಿಲ್ಲ. ಆ ಛತ್ರದ ಮೋರಿ ಕಟ್ಟುವುದು, ಮ್ಯಾನೇಜರ್ ಸೌದೆಯಲ್ಲಿ ಹಸಿ ಕೊರಡು ಸೇರಿಸುವುದು, ನಾನೂರು ಜನ ಅಂದವರು ಐನೂರು ಜನರನ್ನು ಕರೆತರುವುದು. ಪಾತ್ರೆಯ ವಿಷಯಕ್ಕೆ ಮಾತ್ರ ಜಟಾಪಟಿಯಾಯಿತು.

“ಭಾನುವಾರ ಸಂಜೆ ನನ್ನ ಕೊನೇ ಪಾತ್ರೆ ವ್ಯಾನ್ ಹತ್ತೋವರೆಗೂ ನಿಮ್ಮ ಗಾಡಿ ಗೇಟಿನ ಒಳಗೆ ಬರಬಾರದು.”

“ಬರಲ್ಲ ಸ್ವಾಮಿ. ನಿಮ್ ಇಂಗಿನ ವಾಸ್ನೆ ನನ್ ಕೊಳಗಕ್ಕೆ ಅಂಟ್ಕಂಡ್ರೆ ನನ್ ಮರ್ಯಾದೆ ಏನಾಯ್ತದೆ?”

“ನನ್ನ ಇಂಗಿಗೆ ಏನಯ್ಯಾ ಆಗಿದೆ?”

“ಏನೂ ಆಗಿಲ್ಲ. ಕೆರೆ ಏರಿ ಮ್ಯಾಲೇ ಬತ್ತದೆ, ಅಷ್ಟೇಯ.”

ಶಿವರಾಜುವಿಗೆ ಚಲುವನಾರಾಯಣನೇ ಫೋನ್ ಮಾಡಿ ಹೇಳಿದ: ಎರಡು ದಿನವೂ ನನ್ನ ಜವಾಬ್ದಾರಿ, ಎರಡನೆಯ ದಿನ ಕೈ ಮಾತ್ರ ತಮ್ಮಯ್ಯನದು. ಆ ಕಡೆಯಿಂದ, “ಮಲ್ಲಿಪಟ್ಣದ್ ತಮ್ಮಯ್ಯನಾ? ಮೊದ್ಲೇ ಯೋಳಾದಲ್ವಾ ಸ್ವಾಮಿ!” ಎಂದು ಕೂಗಿದ್ದು ಸ್ಪೀಕರ್ ಇಲ್ಲದೆಯೂ ಕೋಣೆಗೆಲ್ಲ ಕೇಳಿತು.

ಚಲುವನಾರಾಯಣ ಫೋನನ್ನು ಜೇಬಿಗೆ ಹಾಕಿಕೊಂಡು ಲ್ಯಾಪ್‌ಟಾಪಿನ ಕಡೆ ಕೈ ತೋರಿಸಿದ.

“ನನ್ನ ಸೈಟಿನ ಕೊನೇಲಿ ಒಂದು ಸಾಲು ಹಾಕಮ್ಮಾ. ಕೋಳಿ, ಕುರಿ ಯಾವ ಮಾತೂ ಬೇಡ. ‘ಮರುದಿನದ ಅಡುಗೆಗೆ: ತಮ್ಮಯ್ಯ, ಮಲ್ಲಿಪಟ್ಟಣ.’ ಇಷ್ಟೇ. ಗೊತ್ತಿರೋರಿಗೆ ಗೊತ್ತಾಗುತ್ತೆ.”

“ನಂದ್ರಲ್ಲೂ ಆಕು ಕೂಸೆ,” ಎಂದ ತಮ್ಮಯ್ಯ. “‘ಮದ್ವೆ ದಿನದ್ ಅಡ್ಗೆಗೆ’ ಅಂತ ಆಕಿ ಸ್ವಾಮಿಗಳ ಎಸ್ರು.”

ಇಬ್ಬರೂ ಅವಳ ಹಿಂದೆ ಬಂದು ನಿಂತರು. ಭಾನುಪ್ರಿಯಾ ಬೀಗರೂಟದ ಫೋಲ್ಡರಿನಿಂದ ಹಳೆಯ ವಿಳಾಸ ತೆಗೆದುಹಾಕಿ ಹೊಸ ವಿಳಾಸ ಕೊಟ್ಟಳು. ‘ಒರಿಜಿನ್’ ಎಂದು ಎಲ್ಲರೂ ಇಡುವ ಹೆಸರು ಬೇಡವೆಂದು ಒಂದು ವಿಳಾಸಕ್ಕೆ ಹೊಳೆನರಸೀಪುರ, ಇನ್ನೊಂದಕ್ಕೆ ಅರಕಲಗೂಡು ಎಂದೇ ಹೆಸರಿಟ್ಟಳು. ಇನ್ನು ಯಾವ ಕಡೆಗೆ ಕಳಿಸುವುದಾದರೂ ಊರಿನ ಹೆಸರು ಹೇಳಿಯೇ ಕಳಿಸಬೇಕು.

“ಬಸ್ಸಿಗೆ ಬೋರ್ಡು ಆಕ್ದಂಗೆ,” ಎಂದ ತಮ್ಮಯ್ಯ.

“ಮೊದಲೇ ಹಾಕಿದ್ರೆ ನನ್ನ ಸಂಧ್ಯಾವಂದನೆ ಉಳೀತಿತ್ತು,” ಎಂದ ಚಲುವನಾರಾಯಣ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದ. “ನಮ್ಮೂರಿನ ಛತ್ರದವರೂ ಒಂದು ಸೈಟ್ ಬೇಕು ಅಂತಿದಾರೆ. ನಿನ್ನ ನಂಬರ್ ಕೊಟ್ಟಿರ್ತೀನಿ. ಅವರಿಗೆ ನೆಂಟರಿಷ್ಟರು ಜಾಸ್ತಿ, ಕೋಳಿ ಗೀಳಿ ಕಳಿಸಿಬಿಡಬೇಡ.”

ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ಹೊರಟರು. ಬೀದಿಯ ತಿರುವಿನವರೆಗೂ ಇಂಗಿನ ಜಗಳ ಕೇಳಿಸುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ ಭಾನುಪ್ರಿಯಾ ಛತ್ರದ ಕೆಲಸಕ್ಕೆಂದು ಹೊಸ ಫೋಲ್ಡರ್ ತೆರೆದಳು. ಈ ಸಲ ಯಾವುದರ ನಕಲೂ ಅಲ್ಲ, ಖಾಲಿಯದು. ಮುಂದುವರಿಯುವ ಮೊದಲು ನಿನ್ನೆಯ ತಪ್ಪನ್ನು ಇನ್ನೊಮ್ಮೆ ನೋಡೋಣ ಎಂದು ಬೀಗರೂಟದ ಫೋಲ್ಡರಿನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ತೆಗೆದಳು. ಪ್ರತಿ ಬದಲಾವಣೆಯ ಎದುರೂ ಮಾಡಿದವರ ಹೆಸರು ಇರುತ್ತದೆ. ನಾಟಿ ಕೋಳಿ ಸಾರು ಸೇರಿಸಿದ್ದು: ಕೀರ್ತಿರಾಜ್. ಬೋಟಿ ಗೊಜ್ಜು: ಕೀರ್ತಿರಾಜ್. ಲ್ಯಾಪ್‌ಟಾಪ್ ಅವನದು. ಕೊಂಡ ದಿನ ಅವನು ಕೊಟ್ಟ ಹೆಸರನ್ನು ಅದು ಹಾಗೇ ಇಟ್ಟುಕೊಂಡಿತ್ತು. ಈ ಎರಡು ವರ್ಷ ಅವಳು ಬರೆದದ್ದೆಲ್ಲ ಅವನ ಹೆಸರಲ್ಲೇ ದಾಖಲಾಗುತ್ತ ಬಂದಿತ್ತು. ಅವಳಿಗೆ ಗೊತ್ತಿತ್ತು, ಬದಲಿಸಿರಲಿಲ್ಲ. ದಿನಕ್ಕೆ ನಾಲ್ಕೈದು ಸಲ ಅವನ ಹೆಸರು ತಾನಾಗಿ ಕಾಣಿಸಿಕೊಳ್ಳುವ ಜಾಗ ಬೇರೆ ಎಲ್ಲಿಯೂ ಉಳಿದಿರಲಿಲ್ಲ.

ಬೆಳಿಗ್ಗೆ, ತಪ್ಪು ನನ್ನದೇ ಎಂದು ಹೇಳಿದ್ದಳು. ಇಲ್ಲಿ ನೋಡಿದರೆ ಅದು ಅವನ ತಲೆಯ ಮೇಲಿತ್ತು.

ಖಾಲಿ ಫೋಲ್ಡರಿಗೆ ಹಿಂತಿರುಗಿ ಹೆಸರು ಬದಲಿಸುವ ಸಾಲನ್ನು ಟೈಪ್ ಮಾಡಿದಳು. ಭಾನುಪ್ರಿಯಾ ಎಂದು ಕನ್ನಡದಲ್ಲೇ ಬರೆದಳು. ಒತ್ತುವ ಮೊದಲು ಅಡುಗೆಮನೆಯ ಕಡೆ ತಿರುಗಿದಳು. ಮಾರಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು.

“ಅತ್ತೆ, ಈ ಲ್ಯಾಪ್‌ಟಾಪಲ್ಲಿ ನಾನು ಮಾಡಿದ್ದೆಲ್ಲ ಇಷ್ಟು ದಿನ ಅವರ ಹೆಸರಲ್ಲಿ ಬರ್ತಿತ್ತು. ಇನ್ಮೇಲೆ ನನ್ನ ಹೆಸರು ಹಾಕಲಾ?”

ಜರಡಿ ನಿಂತಿತು. “ಅಳೇದು?”

“ಹಳೇದು ಅವರ ಹೆಸರಲ್ಲೇ ಇರುತ್ತೆ. ಅದನ್ನ ಮುಟ್ಟಲ್ಲ.”

“ಕೋಳಿ ಕಳ್ಸಿದ್ದೂವೆ?”

“ಅದೂ.”

ಮಾರಮ್ಮ ಮತ್ತೆ ಜರಡಿ ಆಡಿಸಿದಳು. “ಇರ್ಲಿ ಬುಡು. ಕೋಳಿ ಅವ್ನ ಎಸ್ರಲ್ಲೇ ಇರ್ಲಿ. ಕೋಳಿ ಅಂದ್ರೆ ಸಾಯ್ತಿದ್ದ ನನ್ ಮಗ.”

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ಹೊಳೆಯಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೊದಲು ಮಾರಮ್ಮನ ಬಾಯಿ ಅಲುಗಿತು, ಆಮೇಲೆ ಭಾನುಪ್ರಿಯಾಳಿಗೆ ಎಲ್ಲಿಂದಲೋ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮಾರಮ್ಮನೂ ಜರಡಿ ಕೆಳಗಿಟ್ಟು ಗೋಡೆಗೆ ಒರಗಿದಳು.

“ಎಲ್ಲೈತೆ ತೋರ್ಸು ನಿನ್ನೆಸ್ರು,” ಎಂದು ಕಣ್ಣೊರೆಸಿಕೊಂಡು ಎದ್ದು ಬಂದಳು.

ಭಾನುಪ್ರಿಯಾ ಕೀಲಿ ಒತ್ತಿದಳು. ಮಾರಮ್ಮ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದುತ್ತ, ಪರದೆಯ ಮೇಲೆ ಬೆರಳಿಟ್ಟಳು. ಬೆರಳು ತೆಗೆದಾಗ ಹೆಸರಿನ ಪಕ್ಕ ರಾಗಿ ಹಿಟ್ಟಿನ ಒಂದು ಸಣ್ಣ ದುಂಡು ಗುರುತು ಉಳಿಯಿತು. ಭಾನುಪ್ರಿಯಾ ಅದನ್ನು ಒರೆಸದೆ ಮುಂದಿನ ಸಾಲು ಬರೆಯತೊಡಗಿದಳು.